ಉತ್ತರ ಫಲಕ ಮತ್ತು ಒಂಬತ್ತು ಮಕ್ಕಳು: ಏಕ-ಪ್ರಕರಣ ದತ್ತಾಂಶವನ್ನು ಕೋಡ್‌ಗೆ ಒಗ್ಗಿಸುವ ಒಂದು ಪ್ರಕರಣ ಅಧ್ಯಯನ

ಲ್ಯಾಂಬರ್ಟ್, ಕಾರ್ಟ್‌ಲೆಜ್, ಹ್ಯೂವರ್ಡ್ ಮತ್ತು ಲೋ ಎಂಬ ನಾಲ್ವರು ಸಂಶೋಧಕರು 2006ರಲ್ಲಿ ‘ಜರ್ನಲ್ ಆಫ್ ಪಾಸಿಟಿವ್ ಬಿಹೇವಿಯರ್ ಇಂಟರ್‌ವೆನ್ಶನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅಮೆರಿಕದ ಮಧ್ಯಪಶ್ಚಿಮ ಭಾಗದ ನಗರವೊಂದರ ಪ್ರಾಥಮಿಕ ಶಾಲೆಯಲ್ಲಿ, ನಾಲ್ಕನೇ ತರಗತಿಯ ಎರಡು ಸೆಕ್ಷನ್‌ಗಳ ಗಣಿತ ಪಾಠದ ವೇಳೆ, ಗದ್ದಲ ಮಾಡುವವರೆಂದು ಗುರುತಿಸಲಾಗಿದ್ದ ಒಂಬತ್ತು ಮಕ್ಕಳನ್ನು ಅವರು ಗಮನಿಸಿದ್ದರು. ಮೊದಲ ಹಂತದಲ್ಲಿ ಪಾಠ ಎಂದಿನಂತೆಯೇ ನಡೆಯಿತು: ಶಿಕ್ಷಕರು ಪ್ರಶ್ನೆ ಕೇಳುತ್ತಾರೆ, ಗೊತ್ತಿದ್ದವರು ಕೈ ಎತ್ತುತ್ತಾರೆ, ಅವರಲ್ಲಿ ಒಬ್ಬರು ಉತ್ತರಿಸುತ್ತಾರೆ. ಎರಡನೇ ಹಂತದಲ್ಲಿ ಪ್ರತಿ ಮಗುವಿಗೂ ಬರೆದು ಅಳಿಸಬಹುದಾದ ಒಂದು ಫಲಕವನ್ನು ಕೊಡಲಾಯಿತು. ಪ್ರತಿ ಪ್ರಶ್ನೆಗೂ ಎಲ್ಲರೂ ಉತ್ತರ ಬರೆದು, ಒಟ್ಟಿಗೇ ಎತ್ತಿ ತೋರಿಸಬೇಕಿತ್ತು. ನಮ್ಮ ಹಳೆಯ ಶಾಲೆಗಳಲ್ಲಿ ಬಾಯಿಲೆಕ್ಕ ಹೇಳಿ ‘ಸ್ಲೇಟು ಎತ್ತಿ’ ಎನ್ನುತ್ತಿದ್ದ ಪದ್ಧತಿಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆಮೇಲೆ ಫಲಕಗಳನ್ನು ಹಿಂತೆಗೆದುಕೊಂಡು ಮತ್ತೆ ಕೈ ಎತ್ತುವ ಕ್ರಮಕ್ಕೆ ಮರಳಲಾಯಿತು, ಕೊನೆಗೆ ಪುನಃ ಫಲಕಗಳು ಬಂದವು. ಕೆಲವೇ ವ್ಯಕ್ತಿಗಳನ್ನು, ಒಬ್ಬೊಬ್ಬರನ್ನೂ ಮತ್ತೆ ಮತ್ತೆ ಅಳೆದು ನೋಡುವ ಏಕ-ಪ್ರಕರಣ ಸಂಶೋಧನೆಯಲ್ಲಿ ಇದನ್ನು ‘ಎಬಿಎಬಿ’ ಅಥವಾ ಹಿಂತೆಗೆತದ ವಿನ್ಯಾಸ ಎನ್ನುತ್ತಾರೆ. ಇಲ್ಲಿ ಎ ಎಂದರೆ ಎಂದಿನ ಕ್ರಮ, ಬಿ ಎಂದರೆ ಫಲಕದ ಕ್ರಮ.

ಪ್ರತಿ ಪಾಠದಲ್ಲಿಯೂ ಪ್ರತಿ ಮಗುವನ್ನು ಹತ್ತು ಕಾಲತುಣುಕುಗಳಲ್ಲಿ ಗಮನಿಸಿ, ಅವುಗಳಲ್ಲಿ ಎಷ್ಟು ತುಣುಕುಗಳಲ್ಲಿ ಗದ್ದಲ ಕಂಡಿತು ಎಂಬುದನ್ನು ಎಣಿಸಲಾಯಿತು. ಆದ್ದರಿಂದ ಒಂದು ಮಗುವಿನ ಒಂದು ದಿನದ ಅಳತೆ ಎಂದರೆ 0ರಿಂದ 10ರೊಳಗಿನ ಒಂದು ಪೂರ್ಣಾಂಕ. ಫಲಕ ಬಂದಾಗ ಗದ್ದಲ ಇಳಿದು, ಹೋದಾಗ ಏರಿ, ಮರಳಿದಾಗ ಮತ್ತೆ ಇಳಿಯಿತು ಎಂಬುದು ಅಧ್ಯಯನದ ಒಟ್ಟು ಚಿತ್ರ. ಹೆಡ್ಜಸ್, ಪುಸ್ಟೆಯೋವ್‌ಸ್ಕಿ ಮತ್ತು ಶೇಡಿಶ್ ಅವರು 2012ರಲ್ಲಿ ಏಕ-ಪ್ರಕರಣ ವಿನ್ಯಾಸಗಳಿಗಾಗಿ ಪ್ರಮಾಣೀಕೃತ ಪರಿಣಾಮದ ಅಳತೆಯೊಂದನ್ನು ರೂಪಿಸಿದಾಗ ಈ ದತ್ತಾಂಶವನ್ನೇ ಉದಾಹರಣೆಯಾಗಿ ಬಳಸಿದರು. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಎಸ್‌ಸಿಡಿಎಚ್‌ಎಲ್‌ಎಂ’ ಪ್ಯಾಕೇಜಿನಲ್ಲಿ ಅದು ಇಂದಿಗೂ ಸಿಗುತ್ತದೆ. ಫಲಕ ಒಳ್ಳೆಯದೋ ಅಲ್ಲವೋ ಎಂಬುದು ಈ ಬರಹದ ವಿಷಯವಲ್ಲ. ಇಂಥ ಅಧ್ಯಯನವೊಂದರ ದಾಖಲೆಯನ್ನು ಯಾವ ಆಕಾರದ ಕೋಷ್ಟಕದಲ್ಲಿ ಇಟ್ಟರೆ ಕೋಡ್ ಅದನ್ನು ಸರಿಯಾಗಿ ಓದುತ್ತದೆ, ಯಾವ ಆಕಾರದಲ್ಲಿ ಇಟ್ಟರೆ ಸದ್ದಿಲ್ಲದೆ ತಪ್ಪಾಗಿ ಓದುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಶಾಲೆಗಳಲ್ಲಿ ಮತ್ತು ಚಿಕಿತ್ಸಾ ಕೇಂದ್ರಗಳಲ್ಲಿ ಈ ಬಗೆಯ ದಾಖಲೆ ಸಾಮಾನ್ಯವಾಗಿ ಅಗಲವಾಗಿ ಬೆಳೆಯುತ್ತದೆ. ಎಡಗಡೆ ಮಕ್ಕಳ ಹೆಸರು, ಮೇಲುಗಡೆ ದಿನಗಳು, ನಡುವೆ ಅಂಕಿಗಳು. ಯಾವ ದಿನದಿಂದ ಫಲಕ ಆರಂಭವಾಯಿತು ಎಂಬುದನ್ನು ಹಳದಿ ಬಣ್ಣವೋ ದಪ್ಪ ಗೆರೆಯೋ ಹೇಳುತ್ತದೆ. ಹಾಜರಿ ಪುಸ್ತಕದ ಈ ಆಕಾರ ಬರೆಯುವವರಿಗೆ ಅನುಕೂಲಕರ, ನೋಡುವ ಕಣ್ಣಿಗೂ ಹಿತ. ಆದರೆ ಕಡತವನ್ನು ಸಿಎಸ್‌ವಿ ರೂಪದಲ್ಲಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಪಠ್ಯವಾಗಿ, ಉಳಿಸಿದ ಕ್ಷಣ ಬಣ್ಣವೂ ಗೆರೆಯೂ ಅಳಿಸಿಹೋಗುತ್ತವೆ, ಅವುಗಳ ಜೊತೆಗೆ ಪ್ರಯೋಗದ ವಿನ್ಯಾಸವೇ ಕಳೆದುಹೋಗುತ್ತದೆ. ಉಳಿಯುವುದು ಬರಿಯ ಅಂಕಿಗಳ ಸಾಲು.

ವಿಶ್ಲೇಷಣೆಗೆ ಬೇಕಾದದ್ದು ಉದ್ದನೆಯ ಕೋಷ್ಟಕ: ಒಂದು ಮಗು, ಒಂದು ಪಾಠ, ಒಂದು ಸಾಲು. ಆರ್‌ನಲ್ಲಿ ‘ಪಿವಟ್ ಲಾಂಗರ್’, ಪೈಥಾನ್‌ನ ಪಾಂಡಾಸ್‌ನಲ್ಲಿ ‘ಮೆಲ್ಟ್’ ಈ ತಿರುವನ್ನು ಒಂದೇ ಆಜ್ಞೆಯಲ್ಲಿ ಮಾಡಿಕೊಡುತ್ತವೆ. ಆದರೆ ತಿರುವುವುದು ಸುಲಭದ ಭಾಗ. ಯಾವ ಕಾಲಂಗಳು ಇರಬೇಕು ಎಂಬ ನಿರ್ಧಾರವನ್ನು ಯಾವ ಆಜ್ಞೆಯೂ ನಮಗಾಗಿ ಮಾಡುವುದಿಲ್ಲ. ಮೇಲಿನ ಅಧ್ಯಯನದ ಆಕಾರವನ್ನೇ ಅನುಸರಿಸಿ, ಒಂದು ಮಗುವಿನ ಮೊದಲೆರಡು ಹಂತಗಳನ್ನು ಹೀಗೆ ಬರೆಯಬಹುದು. ಇಲ್ಲಿನ ಅಂಕಿಗಳು ವಿವರಣೆಗೆಂದು ಕಟ್ಟಿಕೊಂಡವು, ಮೂಲ ಅಧ್ಯಯನದವಲ್ಲ.

ಸೆಕ್ಷನ್,ಮಗು,ಪಾಠ,ಸ್ಥಿತಿ,ಹಂತ,ಜೋಡಿ,ಗದ್ದಲ,ತುಣುಕು,ಟಿಪ್ಪಣಿ
ಎ,ಎ1,1,ಕೈ,1,1,7,10,
ಎ,ಎ1,2,ಕೈ,1,1,8,10,
ಎ,ಎ1,3,ಕೈ,1,1,,,ಗೈರು
ಎ,ಎ1,4,ಕೈ,1,1,6,10,
ಎ,ಎ1,5,ಕೈ,1,1,7,10,
ಎ,ಎ1,6,ಕೈ,1,1,5,10,
ಎ,ಎ1,7,ಫಲಕ,2,1,2,10,
ಎ,ಎ1,8,ಫಲಕ,2,1,5,10,
ಎ,ಎ1,9,ಫಲಕ,2,1,1,10,
ಎ,ಎ1,10,ಫಲಕ,2,1,0,10,
ಎ,ಎ1,11,ಫಲಕ,2,1,2,10,

ಮೂರನೆಯ ಪಾಠದ ಸಾಲನ್ನು ನೋಡಿ. ಮಗು ಅಂದು ಶಾಲೆಗೆ ಬಂದಿಲ್ಲ. ಆದರೂ ಸಾಲು ಇದೆ, ಗದ್ದಲದ ಜಾಗ ಖಾಲಿ ಇದೆ, ಕಾರಣ ಟಿಪ್ಪಣಿಯಲ್ಲಿದೆ. ಹತ್ತನೆಯ ಪಾಠದಲ್ಲಿ ಮಗು ಬಂದಿದೆ, ಒಮ್ಮೆಯೂ ಗದ್ದಲ ಮಾಡಿಲ್ಲ. ಅಲ್ಲಿ ಸೊನ್ನೆ ಇದೆ. ಇವೆರಡರ ನಡುವಿನ ವ್ಯತ್ಯಾಸ ಹೇಳಿದಾಗ ತೀರಾ ಸರಳವೆನಿಸುತ್ತದೆ, ಆದರೆ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಎಕ್ಸೆಲ್‌ನಲ್ಲಿ ಖಾಲಿ ಕೋಶವನ್ನು ಇನ್ನೊಂದು ಕೋಶದಿಂದ ಸೂತ್ರದ ಮೂಲಕ ಉಲ್ಲೇಖಿಸಿದರೆ ಅಲ್ಲಿ ಸೊನ್ನೆ ಕಾಣಿಸುತ್ತದೆ. ಪಾಂಡಾಸ್‌ನಲ್ಲಿ ಖಾಲಿ ಜಾಗಗಳು ತೊಂದರೆ ಕೊಡುತ್ತಿವೆಯೆಂದು ಎಲ್ಲದಕ್ಕೂ ಸೊನ್ನೆ ತುಂಬುವ ಒಂದು ಸಾಲಿನ ಆಜ್ಞೆಯಂತೂ ಎಲ್ಲರಿಗೂ ಬಾಯಿಪಾಠ.

ಹಾಗೆ ಸೊನ್ನೆ ತುಂಬಿದರೆ ಏನಾಗುತ್ತದೆ ಎಂಬುದನ್ನು ಇದೇ ಸಾಲುಗಳಲ್ಲಿ ಎಣಿಸಿ ನೋಡಬಹುದು. ಪಾರ್ಕರ್ ಮತ್ತು ವ್ಯಾನೆಸ್ಟ್ 2009ರಲ್ಲಿ ಮಂಡಿಸಿದ ‘ಎನ್‌ಎಪಿ’ ಎಂಬ ಅಳತೆಯಲ್ಲಿ ಮೊದಲ ಹಂತದ ಪ್ರತಿ ಅಂಕಿಯನ್ನು ಎರಡನೆಯ ಹಂತದ ಪ್ರತಿ ಅಂಕಿಯೊಡನೆ ಜೊತೆಗೂಡಿಸಿ, ಎಷ್ಟು ಜೊತೆಗಳಲ್ಲಿ ಸುಧಾರಣೆ ಕಂಡಿದೆ ಎಂದು ಎಣಿಸುತ್ತಾರೆ. ಸಮ ಬಂದ ಜೊತೆಗೆ ಅರ್ಧ ಅಂಕ. ಗೈರನ್ನು ಖಾಲಿಯಾಗಿಯೇ ಇಟ್ಟರೆ ಐದು ಅಂಕಿಗಳಿಗೆ ಐದು ಅಂಕಿಗಳು ಎದುರಾಗಿ 25 ಜೊತೆಗಳಾಗುತ್ತವೆ. ಆರನೆಯ ಪಾಠದ 5 ಮತ್ತು ಎಂಟನೆಯ ಪಾಠದ 5 ಮಾತ್ರ ಸಮ. ಉಳಿದ 24ರಲ್ಲಿಯೂ ಗದ್ದಲ ಇಳಿದಿದೆ. ಆದ್ದರಿಂದ ಎನ್‌ಎಪಿ 24.5 ಭಾಗಿಸು 25, ಅಂದರೆ 0.98. ಗೈರಿನ ಜಾಗದಲ್ಲಿ ಸೊನ್ನೆ ಕೂತರೆ ಜೊತೆಗಳು 30 ಆಗುತ್ತವೆ, ಆ ಸೊನ್ನೆಗೆ ಹತ್ತನೆಯ ಪಾಠದ ಸೊನ್ನೆಯೊಡನೆ ಸಿಗುವ ಅರ್ಧ ಅಂಕ ಮಾತ್ರ ಸೇರುತ್ತದೆ, ಫಲಿತಾಂಶ 25 ಭಾಗಿಸು 30, ಸುಮಾರು 0.83. ಸ್ಕ್ರಗ್ಸ್, ಮಾಸ್ಟ್ರೊಪಿಯೆರಿ ಮತ್ತು ಕ್ಯಾಸ್ಟೊ ಅವರ 1987ರ ‘ಪಿಎನ್‌ಡಿ’ ಅಳತೆಗೆ ಇನ್ನೂ ದೊಡ್ಡ ಪೆಟ್ಟು ಬೀಳುತ್ತದೆ. ಮೊದಲ ಹಂತದ ಅತ್ಯುತ್ತಮ ಅಂಕಿಯನ್ನು ಎರಡನೆಯ ಹಂತದ ಎಷ್ಟು ಅಂಕಿಗಳು ಮೀರಿವೆ ಎಂಬುದನ್ನು ಅದು ಕೇಳುತ್ತದೆ. ಸರಿಯಾದ ಕಡತದಲ್ಲಿ ಐದರಲ್ಲಿ ನಾಲ್ಕು, ಅಂದರೆ 80 ಶೇಕಡಾ. ಸೊನ್ನೆ ಹೊಕ್ಕ ಕಡತದಲ್ಲಿ ಸೊನ್ನೆಗಿಂತ ಕೆಳಗಿಳಿಯಲು ಯಾರಿಗೂ ಸಾಧ್ಯವಿಲ್ಲವಾದ್ದರಿಂದ 0 ಶೇಕಡಾ. ಮಗುವಿನ ಒಂದು ದಿನದ ಜ್ವರ ಇಡೀ ಪ್ರಯೋಗವನ್ನು ನಿಷ್ಪ್ರಯೋಜಕವೆಂದು ತೀರ್ಮಾನಿಸಿಬಿಡುತ್ತದೆ. ಒಂದೇ ಅಂಕಿಯ ಮೇಲೆ ಹೀಗೆ ಪೂರ್ತಿ ಅವಲಂಬಿಸುವ ಅಳತೆಯನ್ನು ಇಂದಿಗೂ ಬಳಸುವುದು ಹಳೆಯ ಅಧ್ಯಯನಗಳೊಡನೆ ಹೋಲಿಕೆಗೆ ಮಾತ್ರ ಸಮರ್ಥನೀಯ ಎಂಬುದು ನನ್ನ ಅಭಿಪ್ರಾಯ.

ಗೈರಿನ ಸಾಲನ್ನು ಪೂರ್ತಿ ಅಳಿಸಿಬಿಟ್ಟರೆ ಈ ತೊಂದರೆ ತಪ್ಪುತ್ತದಲ್ಲವೇ ಎಂದು ಕೇಳಬಹುದು. ಎನ್‌ಎಪಿಗೆ ತಪ್ಪುತ್ತದೆ, ಏಕೆಂದರೆ ಅದಕ್ಕೆ ಕಾಲದ ಲೆಕ್ಕವಿಲ್ಲ. ಕಾಲವನ್ನು ಬಳಸುವ ವಿಶ್ಲೇಷಣೆಗಳಿಗೆ ತಪ್ಪುವುದಿಲ್ಲ. ಸಾಲು ಅಳಿಸಿದ ಮೇಲೆ, ಪಾಠದ ಸಂಖ್ಯೆಯ ಬದಲು ಸಾಲಿನ ಕ್ರಮಸಂಖ್ಯೆಯನ್ನೇ ಕಾಲವೆಂದು ತೆಗೆದುಕೊಂಡರೆ, ಎರಡನೆಯ ಪಾಠದ 8 ಮತ್ತು ನಾಲ್ಕನೆಯ ಪಾಠದ 6 ಅಕ್ಕಪಕ್ಕದ ದಿನಗಳೆಂದು ಕೋಡ್ ನಂಬುತ್ತದೆ. ಏಕ-ಪ್ರಕರಣ ದತ್ತಾಂಶದಲ್ಲಿ ಇಂದಿನ ಅಳತೆ ನಿನ್ನೆಯದನ್ನು ಹೋಲುವ ಸ್ವಸಹಸಂಬಂಧವನ್ನು ಅಂದಾಜಿಸದೆ ಮುಂದೆ ಹೋಗುವಂತಿಲ್ಲ. ಆ ಅಂದಾಜು ಪೂರ್ತಿ ನಿಂತಿರುವುದು ಯಾವುದು ಯಾವುದರ ನೆರೆಯ ದಿನ ಎಂಬುದರ ಮೇಲೆ. ಆರ್‌ನ ‘ಎನ್‌ಎಲ್‌ಎಂಇ’ ಪ್ಯಾಕೇಜಿನ ಮೊದಲ ಶ್ರೇಣಿಯ ಸ್ವಸಹಸಂಬಂಧದ ರಚನೆಗೆ ಪಾಠದ ನಿಜವಾದ ಸಂಖ್ಯೆಯನ್ನು ಕೊಟ್ಟರೆ ಅದು ನಡುವಿನ ಅಂತರವನ್ನು ಗೌರವಿಸುತ್ತದೆ. ಕೊಡದಿದ್ದರೆ ಸಾಲುಗಳ ಕ್ರಮವನ್ನೇ ಕಾಲವೆಂದು ಭಾವಿಸುತ್ತದೆ.

ಪಾಠದ ಸಂಖ್ಯೆ ಹಂತದಿಂದ ಹಂತಕ್ಕೆ ಮತ್ತೆ 1ರಿಂದ ಆರಂಭವಾಗಬಾರದು ಎಂಬುದೂ ಇದೇ ಕಾರಣಕ್ಕೆ. ಹಂತದೊಳಗಿನ ಎಣಿಕೆ ಬೇಕಾದಾಗ ಅದನ್ನು ಕೋಡ್‌ನಲ್ಲಿ ಪಡೆಯಬಹುದು, ಆದರೆ ಹಂತದೊಳಗಿನ ಎಣಿಕೆಯಿಂದ ಮೂಲ ಸಂಖ್ಯೆಯನ್ನು ಪಡೆಯುವುದು ಗೈರುಗಳಿರುವ ಕಡತದಲ್ಲಿ ಅಸಾಧ್ಯ. ಪ್ರತಿ ಹಂತದ ಅಂಕಿಗಳಿಗೂ ಬೇರೆ ಬೇರೆ ಗೆರೆ ಹೊಂದಿಸುವ ‘ಪೀಸ್‌ವೈಸ್ ರಿಗ್ರೆಶನ್’ ಮಾಡುವವರಿಗೆ ಇದರ ಬಿಸಿ ನೇರವಾಗಿ ತಟ್ಟುತ್ತದೆ. ಹ್ಯೂಟೆಮಾ ಮತ್ತು ಮೆಕೀನ್ 2000ದಲ್ಲಿ ತೋರಿಸಿದಂತೆ, ಮಟ್ಟದ ಬದಲಾವಣೆಯನ್ನು ಎರಡನೆಯ ಹಂತದ ಮೊದಲ ದಿನದಲ್ಲಿ ಓದಬೇಕೆಂದರೆ, ಇಳಿಜಾರಿನ ಬದಲಾವಣೆಯ ಚರವನ್ನು ಕಟ್ಟುವಾಗ ಕಾಲದಿಂದ ‘ಮೊದಲ ಹಂತದ ಎಣಿಕೆ ಕೂಡಿಸು ಒಂದು’ ಎಂಬುದನ್ನು ಕಳೆದು ಅನಂತರ ಹಂತದ ಸೂಚಕದಿಂದ (ಮೊದಲ ಹಂತಕ್ಕೆ 0, ಎರಡನೆಯದಕ್ಕೆ 1) ಗುಣಿಸಬೇಕು. ನಮ್ಮ ಉದಾಹರಣೆಯಲ್ಲಿ ಮೊದಲ ಹಂತಕ್ಕೆ ನಿಗದಿಯಾದ ಪಾಠಗಳು ಆರು, ದಾಖಲಾದ ಅಂಕಿಗಳು ಐದು. ಕೋಡ್ ದಾಖಲಾದ ಅಂಕಿಗಳನ್ನು ಎಣಿಸಿ 6 ಕಳೆದರೆ, ಏಳನೆಯ ಪಾಠಕ್ಕೆ ಸೊನ್ನೆಯ ಬದಲು 1 ಬರುತ್ತದೆ, ಮಟ್ಟದ ಬದಲಾವಣೆಯ ಗುಣಕ ಇನ್ನೂ ಫಲಕ ಬಾರದ ಆರನೆಯ ದಿನದ ಮಾತನ್ನು ಹೇಳತೊಡಗುತ್ತದೆ. ಆದ್ದರಿಂದ ಸೂತ್ರವನ್ನು ಅಕ್ಷರಶಃ ಓದದೆ, ‘ಎರಡನೆಯ ಹಂತದ ಮೊದಲ ಪಾಠದ ಸಂಖ್ಯೆಯನ್ನು ಕಳೆ’ ಎಂದು ಕೋಡ್‌ಗೆ ಹೇಳುವುದೇ ಕ್ಷೇಮ.

ಮೇಲಿನ ಕೋಷ್ಟಕದಲ್ಲಿ ಸ್ಥಿತಿ, ಹಂತ, ಜೋಡಿ ಎಂಬ ಮೂರು ಕಾಲಂಗಳು ಮೊದಲ ನೋಟಕ್ಕೆ ಒಂದೇ ಮಾತನ್ನು ಮೂರು ಸಲ ಹೇಳಿದಂತೆ ಕಾಣುತ್ತವೆ. ಎಬಿ ವಿನ್ಯಾಸದಲ್ಲಿ ಅದು ನಿಜವೂ ಹೌದು. ಎಬಿಎಬಿ ವಿನ್ಯಾಸದಲ್ಲಿ ಅಲ್ಲ. ‘ಸ್ಥಿತಿ’ ಅಂದು ತರಗತಿಯಲ್ಲಿ ಏನು ನಡೆಯಿತು ಎಂಬುದನ್ನು ಹೇಳುತ್ತದೆ, ಅದಕ್ಕೆ ಎರಡೇ ಬೆಲೆಗಳು. ‘ಹಂತ’ 1ರಿಂದ 4ರವರೆಗಿನ ಕ್ರಮ. ‘ಜೋಡಿ’ ಮೊದಲ ಎ ಮತ್ತು ಬಿ ಹಂತಗಳಿಗೆ 1, ಎರಡನೆಯ ಎ ಮತ್ತು ಬಿ ಹಂತಗಳಿಗೆ 2. ಸ್ಥಿತಿಯೊಂದನ್ನೇ ಇಟ್ಟುಕೊಂಡು ಗುಂಪು ಮಾಡಿದರೆ ಮೊದಲನೆಯ ಮತ್ತು ಮೂರನೆಯ ಹಂತಗಳು ಬೆರೆತು ಒಂದಾಗುತ್ತವೆ. ಫಲಕ ಹಿಂತೆಗೆದಾಗ ಗದ್ದಲ ಮತ್ತೆ ಏರಿತೇ ಎಂಬ, ಈ ವಿನ್ಯಾಸದ ಜೀವಾಳವಾದ ಪ್ರಶ್ನೆಗೆ ಉತ್ತರವೇ ಇಲ್ಲವಾಗುತ್ತದೆ. ಅಮೆರಿಕದ ಶಿಕ್ಷಣ ಇಲಾಖೆಯ ‘ವಾಟ್ ವರ್ಕ್ಸ್ ಕ್ಲಿಯರಿಂಗ್‌ಹೌಸ್’ 2010ರ ತನ್ನ ಮಾನದಂಡಗಳಲ್ಲಿ ಪರಿಣಾಮವನ್ನು ಮೂರು ಬೇರೆ ಬೇರೆ ಸಮಯಗಳಲ್ಲಿ ತೋರಿಸುವ ಅವಕಾಶ ಇರಬೇಕೆಂದು ಕೇಳಿತ್ತು. ಎಬಿಎಬಿಯಲ್ಲಿ ಆ ಮೂರು ಅವಕಾಶಗಳೆಂದರೆ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಆಗುವ ಬದಲಾವಣೆಗಳು. ಜೋಡಿಯ ಕಾಲಂ ಮಾತ್ರ ಇದ್ದರೆ ನಡುವಿನದು ಕಾಣೆಯಾಗುತ್ತದೆ, ಹಂತದ ಕಾಲಂ ಇದ್ದರೆ ಮೂರೂ ಉಳಿಯುತ್ತವೆ.

ಹಾಗಾದರೆ ಜೋಡಿ ಏಕೆ? ಪ್ಯಾಕೇಜುಗಳು ಕೇಳುತ್ತವೆ ಎಂಬುದಕ್ಕೆ. ಜರ್ಮನಿಯ ಯೂರ್ಗನ್ ವಿಲ್ಬರ್ಟ್ ಅವರ ‘ಸ್ಕ್ಯಾನ್’ ಪ್ಯಾಕೇಜಿನಲ್ಲಿ ‘ಫೇಸ್’ ಎಂದರೆ ಎ ಅಥವಾ ಬಿ ಎಂಬ ಒಂದು ಹಂತ. ಎಸ್‌ಸಿಡಿಎಚ್‌ಎಲ್‌ಎಂ ಪ್ಯಾಕೇಜಿನ ಎಬಿಎಬಿ ಬಗೆಯ ವಿನ್ಯಾಸಗಳ ಫಂಕ್ಷನ್‌ನಲ್ಲಿ ಅದೇ ‘ಫೇಸ್’ ಎಂದರೆ ಒಂದು ಎ ಮತ್ತು ಅದನ್ನು ಹಿಂಬಾಲಿಸುವ ಒಂದು ಬಿ ಸೇರಿದ ಜೋಡಿ. ಎ ಯಾವುದು, ಬಿ ಯಾವುದು ಎಂಬುದನ್ನು ಅಲ್ಲಿ ಬೇರೊಂದು ಕಾಲಂ ಹೇಳಬೇಕು. ಒಂದಕ್ಕಾಗಿ ಸಿದ್ಧಪಡಿಸಿದ ಕಡತವನ್ನು ಇನ್ನೊಂದಕ್ಕೆ ಹಾಗೆಯೇ ಉಣಿಸುವ ಮೊದಲು ಕಾಲಂಗಳ ಹೆಸರನ್ನಲ್ಲ, ಅವುಗಳ ಅರ್ಥವನ್ನು ಹೋಲಿಸಬೇಕು. ಮೂರು ಕಾಲಂಗಳೂ ಕಡತದಲ್ಲಿದ್ದರೆ ಯಾವ ಪ್ಯಾಕೇಜಿಗೆ ಯಾವುದನ್ನು ಕೊಡಬೇಕೆಂಬುದು ಒಂದು ಸಾಲಿನ ಕೆಲಸ.

ಸ್ಥಿತಿಯ ಕಾಲಂನಲ್ಲಿ ಇನ್ನೊಂದು ಸಣ್ಣ ಹೊಂಡವಿದೆ. ಈ ಅಧ್ಯಯನದಲ್ಲಿ ಫಲಕದ ಸ್ಥಿತಿಯನ್ನು ‘ಆರ್‌ಸಿ’ ಎಂದೂ, ಕೈ ಎತ್ತುವ ಸ್ಥಿತಿಯನ್ನು ‘ಎಸ್‌ಎಸ್‌ಆರ್’ ಎಂದೂ ಸಂಕ್ಷೇಪಿಸುತ್ತಾರೆ. ಆರ್ ಭಾಷೆ ಪಠ್ಯವನ್ನು ವರ್ಗಗಳಾಗಿಸುವಾಗ, ಬೇರೆ ಹೇಳದಿದ್ದರೆ, ಅಕ್ಷರಾನುಕ್ರಮದಲ್ಲಿ ಮೊದಲು ಬರುವುದನ್ನೇ ಹೋಲಿಕೆಯ ಆಧಾರವಾಗಿಸುತ್ತದೆ. ಇಂಗ್ಲಿಷ್ ವರ್ಣಮಾಲೆಯಲ್ಲಿ ಆರ್ ಎಸ್‌ಗಿಂತ ಮೊದಲಿರುವುದರಿಂದ ಫಲಕವೇ ಆಧಾರವಾಗಿ, ಗುಣಕದ ಚಿಹ್ನೆ ತಿರುವುಮುರುವಾಗಿ, ಅವಸರದಲ್ಲಿ ಓದುವವರಿಗೆ ಫಲಕದಿಂದ ಗದ್ದಲ ಹೆಚ್ಚಿತೆಂಬ ಭ್ರಮೆ ಹುಟ್ಟುತ್ತದೆ. ಆಧಾರ ಯಾವುದೆಂದು ಕೋಡ್‌ನಲ್ಲಿ ಸ್ಪಷ್ಟವಾಗಿ ಬರೆದರೆ ಸಾಕು.

‘ತುಣುಕು’ ಕಾಲಂನಲ್ಲಿ ಹೆಚ್ಚುಕಡಿಮೆ ಎಲ್ಲೆಡೆ 10 ಇರುವಾಗ ಅದು ದಂಡವೆನಿಸಬಹುದು. ಆದರೆ ಬೆಂಕಿಯ ಅಣಕು ಕವಾಯತಿನಿಂದ ಪಾಠ ಅರ್ಧಕ್ಕೇ ನಿಂತು ಆರು ತುಣುಕುಗಳನ್ನಷ್ಟೇ ಗಮನಿಸಿದ ದಿನ, 3 ಎಂಬ ಅಂಕಿಗೆ ಬೇರೆಯೇ ಅರ್ಥವಿರುತ್ತದೆ. ಶೇಕಡಾವನ್ನು ಮೊದಲೇ ಲೆಕ್ಕ ಹಾಕಿ ಅದನ್ನೊಂದೇ ಬರೆದಿಟ್ಟರೆ ಈ ಮಾಹಿತಿ ಮರಳಿ ಸಿಗುವುದಿಲ್ಲ. ಎಣಿಕೆಯನ್ನೂ ಒಟ್ಟನ್ನೂ ಬೇರೆಬೇರೆಯಾಗಿ ಇಟ್ಟರೆ ‘ಇಷ್ಟರಲ್ಲಿ ಎಷ್ಟು’ ಎಂಬ ಎಣಿಕೆಗಳಿಗೆಂದೇ ಇರುವ ದ್ವಿಪದ ಮಾದರಿಗೆ ಎರಡನ್ನೂ ನೇರವಾಗಿ ಕೊಡಬಹುದು. ಒಂದೇ ಪಾಠದ ಹತ್ತು ತುಣುಕುಗಳು ಪರಸ್ಪರ ಸ್ವತಂತ್ರವಲ್ಲ, ಆದ್ದರಿಂದ ದ್ವಿಪದದ ನಿರೀಕ್ಷೆಗಿಂತ ಹೆಚ್ಚಿನ ಚದುರುವಿಕೆಗೂ ಮಾದರಿಯಲ್ಲಿ ಜಾಗ ಬಿಡಬೇಕಾಗುತ್ತದೆ.

ಕೊನೆಯದಾಗಿ ಸೆಕ್ಷನ್. ಹೆಚ್ಚಿನವರು ಈ ಕಾಲಂ ಅನ್ನು ಬರೆಯುವುದೇ ಇಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಬೆಲೆಬಾಳುವ ಕಾಲಂ ಅದು. ಫಲಕ ಕೊಟ್ಟದ್ದು ಒಂದೊಂದು ಮಗುವಿಗಲ್ಲ, ಇಡೀ ತರಗತಿಗೆ. ಒಂದು ಸೆಕ್ಷನ್‌ನ ಮಕ್ಕಳೆಲ್ಲರೂ ಒಂದೇ ದಿನ ಹಂತ ಬದಲಿಸಿದರು, ಒಬ್ಬರೇ ಶಿಕ್ಷಕರನ್ನು ಕಂಡರು, ಒಬ್ಬರ ಗದ್ದಲಕ್ಕೆ ಇನ್ನೊಬ್ಬರು ದನಿಗೂಡಿಸಬಹುದಾದ ಒಂದೇ ಕೋಣೆಯಲ್ಲಿ ಕೂತಿದ್ದರು. ಆದ್ದರಿಂದ ಒಂಬತ್ತು ಮಕ್ಕಳ ಒಂಬತ್ತು ಗ್ರಾಫ್‌ಗಳು ಒಂಬತ್ತು ಸ್ವತಂತ್ರ ಸಾಕ್ಷಿಗಳಲ್ಲ. ಎರಡೇ ಸೆಕ್ಷನ್‌ಗಳಿರುವಾಗ ಅವುಗಳ ನಡುವಣ ಚದುರುವಿಕೆಯನ್ನು ಯಾದೃಚ್ಛಿಕ ಪರಿಣಾಮವಾಗಿ, ಅಂದರೆ ದೊಡ್ಡ ಸಮೂಹವೊಂದರಿಂದ ಆಕಸ್ಮಿಕವಾಗಿ ಆರಿಸಿಬಂದ ಗುಂಪುಗಳ ನಡುವಿನ ವ್ಯತ್ಯಾಸವೆಂಬಂತೆ, ಅಂದಾಜಿಸಲು ಹೊರಡುವುದು ವ್ಯರ್ಥ. ಸೆಕ್ಷನ್ ಅನ್ನು ಸ್ಥಿರ ಚರವಾಗಿಯೇ ಇಡಬೇಕು. ಆದರೆ ಸೆಕ್ಷನ್ ಮತ್ತು ಪಾಠದ ಸಂಖ್ಯೆಯನ್ನು ಜೋಡಿಸಿ ‘ಎ-7’, ‘ಬಿ-7’ ಎಂಬಂತೆ ಒಂದು ಗುರುತು ಕಟ್ಟಿ, ಅದನ್ನು ಯಾದೃಚ್ಛಿಕ ಪರಿಣಾಮವಾಗಿ ಸೇರಿಸಿದರೆ, ಇಡೀ ತರಗತಿಯೇ ಚಡಪಡಿಸಿದ ದಿನದ ಪ್ರಭಾವವನ್ನು ಮಾದರಿ ಗುರುತಿಸಬಲ್ಲದು. ಎ ಸೆಕ್ಷನ್‌ನ ಏಳನೆಯ ಪಾಠವೂ ಬಿ ಸೆಕ್ಷನ್‌ನ ಏಳನೆಯ ಪಾಠವೂ ಒಂದೇ ದಿನ ನಡೆದವೆಂದು ಭಾವಿಸಲು ಯಾವ ಆಧಾರವೂ ಇಲ್ಲದಿರುವುದರಿಂದ ಬರಿಯ ಪಾಠದ ಸಂಖ್ಯೆಯನ್ನು ಇದಕ್ಕೆ ಬಳಸಬಾರದು.

ಪ್ರಕಟಿತ ಅಧ್ಯಯನಗಳಿಂದ ಇಂಥ ಕಡತ ಕಟ್ಟುವವರಿಗೆ ಮೂಲ ಅಂಕಿಗಳು ಹೆಚ್ಚಾಗಿ ಗ್ರಾಫ್‌ಗಳಲ್ಲಿ ಮಾತ್ರ ಸಿಗುತ್ತವೆ. ‘ವೆಬ್‌ಪ್ಲಾಟ್‌ಡಿಜಿಟೈಜರ್’ನಂಥ ಸಾಧನದಲ್ಲಿ ಚುಕ್ಕೆಗಳ ಮೇಲೆ ಕ್ಲಿಕ್ಕಿಸಿ ಅವನ್ನು ಹೊರತೆಗೆಯಬೇಕು. ಆಗ ಪಾಠ 12.03, ಗದ್ದಲ 6.97 ಎಂಬಂತೆ ಬರುತ್ತದೆ. ಅಳತೆ ಪೂರ್ಣಾಂಕವೇ ಆಗಿರಬೇಕೆಂದು ನಮಗೆ ಗೊತ್ತಿರುವುದರಿಂದ 12 ಮತ್ತು 7 ಎಂದು ಸರಿಪಡಿಸಬಹುದು. 6.52 ಬಂದರೆ ಅಕ್ಷದ ಗುರುತು ತಪ್ಪಿದೆಯೆಂದೇ ತಿಳಿದು ಮತ್ತೆ ಗುರುತಿಸಬೇಕು. ಗ್ರಾಫ್‌ನಲ್ಲಿ ಗೆರೆ ಕಡಿದಿರುವ ಕಡೆ ಚುಕ್ಕೆಯಿಲ್ಲ, ಆದ್ದರಿಂದ ಸಾಧನ ಅಲ್ಲಿ ಸಾಲನ್ನೇ ಕೊಡುವುದಿಲ್ಲ. ಗೈರಿನ ಸಾಲುಗಳನ್ನು ಪಾಠದ ಸಂಖ್ಯೆಗಳಲ್ಲಿನ ಬಿರುಕು ನೋಡಿ ಕೋಡ್‌ನಲ್ಲಿ ಸೇರಿಸಿಕೊಳ್ಳಬೇಕು.

ವಿಶ್ಲೇಷಣೆಗೆ ಮೊದಲು ಕಡತವನ್ನು ಕೆಲವು ಪ್ರಶ್ನೆಗಳಿಗೆ ಒಡ್ಡಬೇಕು, ಯಾವುದೊಂದು ಸುಳ್ಳಾದರೂ ಕೋಡ್ ಅಲ್ಲಿಯೇ ನಿಲ್ಲುವಂತಿರಬೇಕು. ಒಂದು ಮಗುವಿಗೆ ಒಂದು ಪಾಠದಲ್ಲಿ ಒಂದೇ ಸಾಲು ಇದೆಯೇ? ಒಂದೇ ಸೆಕ್ಷನ್‌ನ ಒಂದೇ ಪಾಠದಲ್ಲಿ ಎಲ್ಲ ಮಕ್ಕಳಿಗೂ ಒಂದೇ ಸ್ಥಿತಿ ಇದೆಯೇ? ಪಾಠದ ಸಂಖ್ಯೆ ಏರುವಾಗ ಹಂತದ ಸಂಖ್ಯೆ ಎಲ್ಲಿಯೂ ಇಳಿದಿಲ್ಲವೇ? ಗದ್ದಲ ತುಣುಕಿಗಿಂತ ಹೆಚ್ಚಿಲ್ಲವೇ? ಖಾಲಿ ಇರುವ ಪ್ರತಿ ಜಾಗಕ್ಕೂ ಟಿಪ್ಪಣಿ ಇದೆಯೇ? ಪ್ರತಿ ಮಗುವಿನ ಪ್ರತಿ ಹಂತದಲ್ಲಿ, ಗೈರು ಕಳೆದು, ಎಷ್ಟು ಅಂಕಿಗಳು ಉಳಿದಿವೆ? ಮೇಲೆ ಹೇಳಿದ 2010ರ ಮಾನದಂಡಗಳ ಪ್ರಕಾರ ಎಬಿಎಬಿ ವಿನ್ಯಾಸ ಪೂರ್ತಿ ಒಪ್ಪಿತವಾಗಲು ಹಂತಕ್ಕೆ ಕನಿಷ್ಠ ಐದು, ಷರತ್ತಿನೊಡನೆ ಒಪ್ಪಿತವಾಗಲು ಕನಿಷ್ಠ ಮೂರು ಬೇಕಿತ್ತು. ಮೇಲಿನ ಉದಾಹರಣೆಯ ಮಗು ಮೊದಲ ಹಂತದಲ್ಲಿ ಇನ್ನೊಂದು ದಿನ ತಪ್ಪಿಸಿಕೊಂಡಿದ್ದರೆ ಐದರ ಗೆರೆಯಿಂದ ಕೆಳಗೆ ಜಾರುತ್ತಿತ್ತು, ಅದನ್ನು ಹೇಳಲು ನಿಗದಿಯಾದ ಪಾಠಗಳ ಎಣಿಕೆಯಿಂದ ಸಾಧ್ಯವಿಲ್ಲ.

ಈ ಪರೀಕ್ಷೆಗಳಲ್ಲಿ ಯಾವುದಾದರೂ ಸೋತಾಗ ಮೂಲ ಕಡತವನ್ನು ತೆರೆದು ಅಂಕಿಯ ಮೇಲೆ ಅಂಕಿ ಬರೆಯಬಾರದು. ಮೂಲ ಕಡತ ಓದಲು ಮಾತ್ರ. ತಿದ್ದುಪಡಿ ಕೋಡ್‌ನಲ್ಲಿಯೇ ಒಂದು ಸಾಲಾಗಿ, ಯಾವ ಮಗುವಿನ ಯಾವ ಪಾಠದ ಯಾವ ಅಂಕಿ ಏಕೆ ಬದಲಾಯಿತೆಂಬ ಟಿಪ್ಪಣಿಯೊಡನೆ ಇರಬೇಕು. ಆಗ ಆ ತಿದ್ದುಪಡಿಯನ್ನು ಒಪ್ಪದವರು ಆ ಒಂದು ಸಾಲನ್ನು ತೆಗೆದು ಲೆಕ್ಕವನ್ನು ಮತ್ತೆ ಓಡಿಸಿ ನೋಡಬಹುದು.